ಬಾಲ್ಕನಿಯ ಬೆರಕೆ ಸೊಪ್ಪು

ವಾರಕ್ಕೆ ಮೂರು ಸಲ ಡಯಾಲಿಸಿಸ್ ಎಂದಾದ ಮೇಲೆ ದಿಬ್ಬೂರಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವುದು ನನ್ನ ಹೆಂಡತಿಯ ಕೈಲಾಗಲಿಲ್ಲ. ಆಸ್ಪತ್ರೆಗೆ ಹತ್ತಿರವಾಗಲಿ ಎಂದು ಚಿಕ್ಕಬಳ್ಳಾಪುರದಲ್ಲಿ ಮಹಡಿಯ ಮೇಲೊಂದು ಮನೆಯನ್ನು ಬಾಡಿಗೆಗೆ ಹಿಡಿದೆ. ನಾನು ಶಿಡ್ಲಘಟ್ಟದ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ. ಮನೆ ನೋಡಲು ಬಂದ ದಿನ ಅವಳು ಅಡುಗೆಮನೆಗೆ ಇಣುಕಲಿಲ್ಲ, ನಲ್ಲಿ ತಿರುಗಿಸಿ ನೋಡಲಿಲ್ಲ. ನೇರ ಬಾಲ್ಕನಿಗೆ ಹೋಗಿ ಗ್ರಿಲ್ ಹಿಡಿದು ನಿಂತು, "ಬಿಸ್ಲು ಯಾವ ಕಡೆಯಿಂದ ಬೀಳ್ತದಮ್ಮ?" ಎಂದು ಮನೆಯೊಡತಿಯನ್ನು ಕೇಳಿದಳು.

ಇಬ್ಬರು ನಿಂತರೆ ಮೊಣಕೈ ತಾಗುವಷ್ಟು ಜಾಗ ಅದು. ಅಲ್ಲಿ ಹೊಲ ಮಾಡಲು ಹೊರಟವಳನ್ನು ಗೇಲಿ ಮಾಡಿದೆ. "ಎತ್ತು ಎಲ್ಲಿ ಕಟ್ತೀಯ ಕಣೇ?" ಎಂದೆ.

"ನೀವಿದ್ದೀರಲ್ಲ" ಎಂದಳು.

ಅವಳಿಗೆ ಬೇಕಾಗಿದ್ದದ್ದು ಬೆರಕೆ ಸೊಪ್ಪು. ಮಳೆ ಬಿದ್ದ ಮೇಲೆ ಹೊಲದಲ್ಲಿ, ಬದುವಿನಲ್ಲಿ ತಾನಾಗಿ ಹುಟ್ಟಿದ್ದನ್ನೆಲ್ಲ ಮಡಿಲು ತುಂಬ ಕಿತ್ತು ತಂದು ಒಟ್ಟಿಗೆ ಬೇಯಿಸುತ್ತಾರಲ್ಲ, ಅದು. ಮಾರುಕಟ್ಟೆಯ ಕಂತೆ ಸೊಪ್ಪನ್ನು ಅವಳು ಮೂಸಿ ನೋಡಿ ಪಕ್ಕಕ್ಕಿಡುತ್ತಿದ್ದಳು. ಹೊಲಕ್ಕೆ ಹೋಗುವ ಶಕ್ತಿ ಕಾಲಿಗೆ ಈಗ ಇರಲಿಲ್ಲ.

ಟ್ಯಾಂಕರ್ ನೀರಿನ ಮನೆ. ಕೆಳಗೆ ಮನೆಯೊಡತಿ ಬಟ್ಟೆ ಒಣಹಾಕುತ್ತಿದ್ದಳು. ಒಂದು ತೊಟ್ಟು ಬಿದ್ದರೂ ಸುಮ್ಮನಿರುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಹಾಗಾಗಿ ನನ್ನ ಹೆಂಡತಿ ಬಣ್ಣದ ಖಾಲಿ ಬಕೆಟ್ಟುಗಳಿಗೆ ತಳದಲ್ಲಿ ತೂತು ಮಾಡಿಸಲಿಲ್ಲ, ಪಕ್ಕದಲ್ಲಿ ಎರಡು ಬೆರಳು ಮೇಲೆ ಮಾಡಿಸಿದಳು. ತಳದಲ್ಲಿ ಉಳಿದ ನೀರನ್ನು ಬೇರು ನಿಧಾನವಾಗಿ ಕುಡಿಯುತ್ತದಂತೆ. ಊರಿನಿಂದ ಕೆಂಪು ಮಣ್ಣು, ರೇಷ್ಮೆ ಹುಳುವಿನ ಹಿಕ್ಕೆ, ತೆಂಗಿನ ನಾರಿನ ಪುಡಿ ತರಿಸಿ ಬೆರೆಸಿ, ಮೇಲೆ ರಾಗಿ ಹೊಟ್ಟು ಹೊದಿಸಿದಳು. ಪಡುವಣ ಬಿಸಿಲು ಸುಡದಂತೆ, ರೇಷ್ಮೆ ಹುಳು ಗೂಡು ಕಟ್ಟುವ ಹಳೆಯ ಬಿದಿರಿನ ಚಂದ್ರಿಕೆ ತಟ್ಟಿಯೊಂದನ್ನು ಗ್ರಿಲ್ಲಿಗೆ ನನ್ನ ಕೈಲಿ ಕಟ್ಟಿಸಿದಳು. ಅದರ ನೆರಳಿಗೆ ದೊಡ್ಡಪತ್ರೆ, ಅಂಚಿನ ಬಿಸಿಲಿಗೆ ಗೋಣಿಸೊಪ್ಪು ಮತ್ತು ಅಣ್ಣೆಸೊಪ್ಪು, ಗ್ರಿಲ್ಲಿಗೆ ಹಬ್ಬಲು ಮಂಗರವಳ್ಳಿ, ಮೂಲೆಯ ಡ್ರಮ್ಮಿನಲ್ಲಿ ತಲೆ ಚಿವುಟಿ ಗಿಡ್ಡವಾಗಿಸಿದ ನುಗ್ಗೆ. ಅಕ್ಕಿ ತೊಳೆದ ನೀರಷ್ಟೇ ಅವಕ್ಕೆ.

ಕಿಡ್ನಿ ಕೆಟ್ಟ ಅವಳಿಗೂ ಡಾಕ್ಟರು ನೀರನ್ನು ಅಳತೆಯಲ್ಲೇ ಇಟ್ಟಿದ್ದರು. ಕಾಫಿ, ಮಜ್ಜಿಗೆ, ಸಾರು ಎಲ್ಲ ಸೇರಿ ದಿನಕ್ಕೊಂದು ಚೊಂಬು. ಬೇಸಿಗೆಯಲ್ಲಿ ತುಟಿ ಒಡೆದು ರಕ್ತ ಬರುತ್ತಿತ್ತು. "ಇವೂ ನನ್ನಂಗೇ ರೀ, ಕೊಟ್ಟಷ್ಟರಲ್ಲೇ ಇರ್ತವೆ" ಎಂದು ಬಕೆಟ್ಟುಗಳನ್ನು ತೋರಿಸಿ ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅವಳೆದುರು ನೀರು ಕುಡಿಯುವುದನ್ನೇ ಬಿಟ್ಟೆ. ಬಸ್ ಸ್ಟ್ಯಾಂಡಿನಲ್ಲೇ ಕುಡಿದು ಮನೆಗೆ ಬರುತ್ತಿದ್ದೆ.

ಸೊಪ್ಪು ಕೈಗೆ ಬರುವ ಹೊತ್ತಿಗೆ ಆಸ್ಪತ್ರೆಯಲ್ಲಿ ಪಥ್ಯ ಹೇಳುವ ಹೆಣ್ಣುಮಗಳು ಸೊಪ್ಪು ಆಗದು ಎಂದಳು. ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಹೃದಯ ನಿಂತೇಹೋಗಬಹುದಂತೆ. ನನ್ನ ಹೆಂಡತಿಯ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. "ತಿನ್ಲೇಬೇಕು ಅಂದ್ರೆ ಸ್ವಲ್ಪ ತಿನ್ನಿ ಅಮ್ಮ. ಚೆನ್ನಾಗಿ ಬೇಯ್ಸಿ, ನೀರು ಬಸ್ದು, ಆಮೇಲೆ" ಎಂದಳು.

"ನಾವು ಮಾಡೋದೇ ಹಂಗಲ್ವಾ!" ಎಂದು ಇವಳು ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು.

ನಾವು ಮಾಡುವುದು ಹಾಗೆಯೇ. ಬೇಯಿಸುತ್ತೇವೆ, ಬಸಿಯುತ್ತೇವೆ, ಸೊಪ್ಪಿಗೆ ಒಗ್ಗರಣೆ ಹಾಕಿ ಪಲ್ಯ ಮಾಡುತ್ತೇವೆ. ಬಸಿದ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಮುದ್ದೆಗೆ ಅದಿಲ್ಲದಿದ್ದರೆ ನಮ್ಮ ಕಡೆ ಊಟವೆಂದು ಯಾರೂ ಒಪ್ಪುವುದಿಲ್ಲ. ಆ ನೀರನ್ನು ಚೆಲ್ಲುವುದೆಂದರೆ ಹಾಲು ಕಾಯಿಸಿ ಬಚ್ಚಲಿಗೆ ಸುರಿದಂತೆ. ಪಥ್ಯದವಳು ಸೊಪ್ಪು ಸ್ವಲ್ಪವೇ ತಿನ್ನಿ ಎಂದಿದ್ದಳಲ್ಲ, ಅದರಂತೆ ಇವಳು ಪಲ್ಯವನ್ನೆಲ್ಲ ನನಗೆ ಬಡಿಸಿ ತಾನು ಸಾರಿನಲ್ಲಿ ಮುದ್ದೆ ಅದ್ದಿ ನುಂಗುತ್ತಿದ್ದಳು. ಸಾರು ಚೊಂಬಿನ ಲೆಕ್ಕಕ್ಕೆ ಬರುತ್ತದೆಂದು ಅದಕ್ಕಾಗಿ ಕಾಫಿಯನ್ನೂ ಬಿಟ್ಟಳು. ಎಷ್ಟೋ ತಿಂಗಳ ಮೇಲೆ ಅವಳು ಬೆರಳು ಚೀಪುವುದನ್ನು ನೋಡಿ ನನಗೂ ಹೊಟ್ಟೆ ತುಂಬುತ್ತಿತ್ತು.

ಒಂದು ಬೆಳಿಗ್ಗೆ ನೆಲದಿಂದ ಏಳಲು ಅವಳ ಕಾಲು ಬರಲಿಲ್ಲ. ಎದೆ ಒಂದು ಬಡಿತ ಬಡಿದು ಇನ್ನೊಂದನ್ನು ಮರೆತಂತೆ ಆಗುತ್ತಿದೆ ಎಂದಳು. ಆಟೋದಲ್ಲಿ ಹಾಕಿಕೊಂಡು ಓಡಿದೆ. ತುರ್ತು ಡಯಾಲಿಸಿಸ್ ಮಾಡಿ ಉಳಿಸಿದರು. ಆಮೇಲೆ ನರ್ಸು ಏನು ತಿಂದಿದ್ದೆಂದು ವಿಚಾರಿಸುತ್ತ, "ಬಸಿದ ನೀರು ಏನ್ ಮಾಡಿದ್ರಿ ಅಮ್ಮ?" ಎಂದು ಕೇಳಿದಳು.

"ಏನ್ ಮಾಡ್ತಾರಮ್ಮ? ಸಾರು."

ನರ್ಸು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಸೊಪ್ಪಿನಲ್ಲಿದ್ದ ಆ ಪೊಟ್ಯಾಸಿಯಂ ವಿಷವೆಲ್ಲ ಆ ನೀರಿಗೇ ಇಳಿದಿರುತ್ತದಂತೆ. ಬಸಿಯುವುದು ಅದನ್ನು ಚೆಲ್ಲುವುದಕ್ಕೇ ಅಂತೆ. ನನಗೆ ಮೈಯೆಲ್ಲ ಉರಿಯಿತು. ಚೆಲ್ಲಿ ಎಂದು ಒಂದು ಮಾತು ಹೇಳಿದ್ದರೆ ಆ ಪಥ್ಯದವಳ ಗಂಟೇನು ಹೋಗುತ್ತಿತ್ತು? ಬಾಲ್ಕನಿಯ ಬಕೆಟ್ಟುಗಳನ್ನೆಲ್ಲ ಬೀದಿಗೆ ಎಸೆಯುತ್ತೇನೆ ಎಂದು ಕೂಗಾಡಿದೆ. ಹಾಸಿಗೆಯಿಂದಲೇ ಇವಳು, "ಗಿಡ ಏನ್ ಮಾಡ್ತು ರೀ ನಿಮಗೆ?" ಎಂದಳು.

ಅಲ್ಲಿಂದ ಸೊಪ್ಪಿನ ಅಡುಗೆ ನನ್ನ ಪಾಲಾಯಿತು. "ನನ್ ಕೈಲಿ ಚೆಲ್ಲೋಕಾಗಲ್ಲ, ನೀವೇ ಮಾಡಿ" ಎಂದು ಅವಳೇ ಒಪ್ಪಿಸಿದಳು. ನಾನು ಬೇಯಿಸಿ ಬಸಿಯುವಾಗ ಅವಳು ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ಕುಳಿತು ಒಣಗಿದ ಎಲೆ ಚಿವುಟುತ್ತಿದ್ದಳು. ನೀರು ಸಿಂಕಿಗೆ ಬಿದ್ದ ಸದ್ದಿಗೆ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಹಿಂಡಿದ ಸೊಪ್ಪಿನ ಒಂದು ಮುಷ್ಟಿ ಪಲ್ಯವನ್ನು ಗೊಣಗದೆ ತಿನ್ನುತ್ತಿದ್ದಳು. ನಾಲಿಗೆಗೆ ಹೊಟ್ಟು ಹಾಕಿಕೊಂಡಂತಿದೆ ಎಂದು ಒಮ್ಮೆ ಮಾತ್ರ ಹೇಳಿದಳು.

ಮುಂಗಾರಿನ ಮೊದಲ ಮಳೆ ಬಂದ ವಾರ ಬಕೆಟ್ಟುಗಳೆಲ್ಲ ಚಿಗುರಿದವು. ಆಗ ಅವಳು ತೀರಾ ಸೊರಗಿದ್ದಳು. ತಾನೇ ಸೊಪ್ಪು ಬಿಡಿಸಿ ಕೊಟ್ಟಳು. ನಾನು ಬಸಿಯುವಾಗ, ಎಂದೂ ಬಾರದವಳು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ನಿಂತಳು. ಹಸಿರು ನೀರಿನ ಪಾತ್ರೆ ನನ್ನ ಕೈಯಲ್ಲಿತ್ತು, ಆವಿ ಏಳುತ್ತಿತ್ತು.

"ಇವತ್ತೊಂದಿನ ಖಾರ ಹಾಕಿ ಕುದ್ಸಿ. ಒಂದೇ ಸೌಟು ಸಾಕು."

"ಏನಾಗ್ತದೆ ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು. ಗೊತ್ತಿದ್ದೇ ಕೇಳ್ತಿದ್ದೀನಿ."

ಇಷ್ಟು ವರ್ಷದ ಸಂಸಾರದಲ್ಲಿ ಅವಳು ಬಾಯಿಬಿಟ್ಟು ಇಂಥದ್ದು ಬೇಕೆಂದು ಕೇಳಿದ್ದು ಕಡಿಮೆ. ನಾನು ಅವಳ ಕಡೆ ನೋಡದೆ ಪಾತ್ರೆ ಬಗ್ಗಿಸಿದೆ. ವಾಸನೆಯೂ ಉಳಿಯದಿರಲಿ ಎಂದು ನಲ್ಲಿ ಬಿಟ್ಟು ಸಿಂಕು ತೊಳೆದೆ. ಅವಳು ಅಳಲಿಲ್ಲ, ಬೈಯಲಿಲ್ಲ. "ಸರಿ, ಮುದ್ದೆ ಕಟ್ಟಿ" ಎಂದು ಹೋಗಿ ಗೋಡೆಗೆ ಒರಗಿ ಕುಳಿತಳು. ಆ ದಿನ ಮುದ್ದೆಯನ್ನು ಮುರಿದು ತಟ್ಟೆಯಲ್ಲೇ ಬಿಟ್ಟಳು.

ಚೆಲ್ಲಿದ್ದು ಸರಿ ಎಂದೇ ಇವತ್ತೂ ಹೇಳುತ್ತೇನೆ.

ಆ ತಿಂಗಳು ಕಳೆಯುವುದರೊಳಗೆ, ಡಯಾಲಿಸಿಸ್‌ಗೆಂದು ಕುತ್ತಿಗೆಗೆ ಹಾಕಿದ್ದ ಕೊಳವೆಯಿಂದ ಸೋಂಕು ರಕ್ತಕ್ಕಿಳಿದು ಅವಳು ಹೋದಳು. ಆಸ್ಪತ್ರೆಯವರು ಕೈಗಿತ್ತ ಕೊನೆಯ ರಿಪೋರ್ಟನ್ನು ಕಾರಿಡಾರಿನಲ್ಲಿ ನಿಂತೇ ಓದಿದೆ. ಪೊಟ್ಯಾಸಿಯಂ ಸರಿಯಾಗಿತ್ತು.