ಸಿಸ್ಟರ್ ಕಲಿಸಿದ ಮೂರು ವಾಕ್ಯ

ಮೊನ್ನೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ಊಟ ಮುಗಿಸಿ ಬರುವಾಗ ಗಲ್ಲಾದ ಪಕ್ಕದ ತಟ್ಟೆಯಲ್ಲಿ ಸೋಂಪಿನ ಜೊತೆ ಜೀರಿಗೆ ಪೆಪ್ಪರಮೆಂಟು ಕಂಡಿತು. ಬಿಳಿ, ಗುಲಾಬಿ, ತಿಳಿಹಸಿರು. ಎಲ್ಲರ ಹಾಗೆ ಒಂದು ಚಮಚ ಅಂಗೈಗೆ ಸುರಿದುಕೊಂಡೆ. ಆದರೆ ಅಗಿಯಲಿಲ್ಲ. ಒಂದೇ ಒಂದು ಕಾಳನ್ನು ನಾಲಿಗೆಯ ಮೇಲೆ ಹಿಂದಕ್ಕೆ ಇಟ್ಟುಕೊಂಡು, ಗದ್ದವನ್ನು ಸ್ವಲ್ಪ ಎದೆಯ ಕಡೆ ಬಾಗಿಸಿ, ನೀರು ಕುಡಿದು ನುಂಗಿದೆ. ಗಲ್ಲಾದಲ್ಲಿದ್ದವರು ನೋಡುತ್ತಲೇ ಇದ್ದರು. "ಅದು ಮಾತ್ರೆ ಅಲ್ಲ ಮಾರಾಯ್ರೆ, ಅಗ್ದು ತಿನ್ನಿ" ಅಂದರು.

ಜೀರಿಗೆಯ ವಾಸನೆ ಮೂಗಿಗೇರಿದ್ದೇ ಮಲಾವಿ ಸಿಸ್ಟರ್ ನೆನಪಾದರು.

ಅವರು ಎನ್.ಆರ್. ಪುರದವರು. ನರ್ಸಿಂಗ್ ಓದಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋಗಿ, ಅಲ್ಲಿ ಎಚ್‌ಐವಿ ಇರುವ ಮಕ್ಕಳ ಆಸ್ಪತ್ರೆಯಲ್ಲಿ ಬಹಳ ವರ್ಷ ದುಡಿದು, ಕೊನೆಗೆ ಅಲ್ಲಿನ ನರ್ಸುಗಳಿಗೆ ಪಾಠ ಹೇಳುವವರಾಗಿದ್ದರು. ಹೊರದೇಶದ ನೆರವಿನ ಒಂದು ಯೋಜನೆಯ ಲೆಕ್ಕದಲ್ಲಿ ಎರಡು ವರ್ಷಕ್ಕೆಂದು ಊರಿಗೆ ಬಂದರು. ಕೊಪ್ಪ, ಶೃಂಗೇರಿ, ಎನ್.ಆರ್. ಪುರ, ಈ ಮೂರು ತಾಲ್ಲೂಕಿನಲ್ಲಿ ನಮ್ಮಂಥವರಿಗೆ ಇಂಥ ಮಕ್ಕಳನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುವುದು ಅವರ ಕೆಲಸ. ವಯಸ್ಸು ಅರವತ್ತರ ಹತ್ತಿರ. ಬಸ್ಸಿನಲ್ಲೇ ಓಡಾಟ. ಹೆಗಲಿಗೆ ಒಂದು ಬಟ್ಟೆಯ ಚೀಲ, ಅದರ ತುಂಬ ಚಿತ್ರದ ಕಾರ್ಡುಗಳು.

ನಮ್ಮಂಥವರು ಅಂದೆನಲ್ಲ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಆಪ್ತ ಸಮಾಲೋಚಕ. ಎಚ್‌ಐವಿ ರಕ್ತಪರೀಕ್ಷೆಗೆ ಮುಂಚೆ ಧೈರ್ಯ ಹೇಳುವುದು, ಫಲಿತಾಂಶ ಬಂದ ಮೇಲೆ ಮತ್ತೆ ಧೈರ್ಯ ಹೇಳುವುದು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸ್ ಓಡುವ ಮನುಷ್ಯನಿಗೆ ಊರಿನವರ ಚಿಂತೆ ಕಳೆಯುವ ಉದ್ಯೋಗ ಕೊಟ್ಟವರು ಯಾರೋ ತಮಾಷೆಯವರೇ ಇರಬೇಕು.

ಮೊದಲ ತರಬೇತಿಯ ದಿನ ಡಾಕ್ಟರುಗಳೂ ಬಂದಿದ್ದರು, ಒಬ್ಬ ನರ್ಸಿನಿಂದ ಕಲಿಯುವುದೇನಿದೆ ಎಂಬ ಮುಖದಲ್ಲಿ. ಸಿಸ್ಟರ್ ಭಾಷಣ ಮಾಡಲಿಲ್ಲ. ಒಬ್ಬೊಬ್ಬರ ಮುಂದೆ ಒಂದು ಲೋಟ ನೆಲಬೇವಿನ ಕಷಾಯ ಇಟ್ಟರು. ಕುಡಿಯಿರಿ, ಮುಖ ಕಿವುಚಬಾರದು ಅಂದರು. ಒಬ್ಬರು ಹಿರಿಯ ಡಾಕ್ಟರು ಕಿಟಕಿಯ ಹತ್ತಿರ ಹೋಗಿ ಹೊರಗೆ ಉಗುಳಿದರು. "ನಾವು ಮಕ್ಕಳಿಗೆ ಕೊಡೋ ಸಿರಪ್ಪು ಇದಕ್ಕಿಂತ ಕಹಿ ಡಾಕ್ಟ್ರೆ. ಅವು ದಿನಕ್ಕೆ ಎರಡು ಸಲ ಕುಡೀತವೆ. ಅವುಕ್ಕೆ ಕಿಟಕಿ ಇಲ್ಲ" ಅಂದರು ಸಿಸ್ಟರ್. ಆಮೇಲೆ ಜೀರಿಗೆ ಪೆಪ್ಪರಮೆಂಟಿನಿಂದ ಶುರುಮಾಡಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪ ದೊಡ್ಡದು ಕೊಡುತ್ತ, ಸಣ್ಣ ಮಕ್ಕಳಿಗೆ ಮಾತ್ರೆ ನುಂಗಲು ಕಲಿಸುವ ಕ್ರಮ ತೋರಿಸಿದರು. ಮಗು ಮಾತ್ರೆ ನುಂಗಲು ಕಲಿತರೆ ಆ ಸಿರಪ್ಪಿನಿಂದ ಬಿಡುಗಡೆ. ಅವತ್ತು ನಾವೆಲ್ಲ ದೊಡ್ಡ ದೊಡ್ಡ ಮನುಷ್ಯರು ಸಾಲಾಗಿ ಕೂತು ಗದ್ದ ಬಾಗಿಸಿ ಪೆಪ್ಪರಮೆಂಟು ನುಂಗಿದೆವು.

ಆ ದಿನಗಳಲ್ಲಿ ನನ್ನ ಹತ್ತಿರ ಒಂದು ಉಪಾಯವಿತ್ತು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಖಾಲಿಯಾದ ವಿಟಮಿನ್ ಡಬ್ಬಿಗಳನ್ನು ತೊಳೆದು ಒಣಗಿಸಿ ಇಟ್ಟುಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಾಗಬಾರದು ಎನ್ನುವ ಮನೆಯವರಿಗೆ ಎಚ್‌ಐವಿ ಮಾತ್ರೆಯನ್ನು ಆ ಡಬ್ಬಿಗೆ ಸುರಿದು ಕೊಡುತ್ತಿದ್ದೆ. ಹಾಗೆ ಡಬ್ಬಿ ಒಯ್ಯುತ್ತಿದ್ದವರಲ್ಲಿ ಬಸರೀಕಟ್ಟೆ ಕಡೆಯ ಒಬ್ಬ ಅಜ್ಜಿ. ಕಾಫಿ ಎಸ್ಟೇಟಿನ ಕೂಲಿಯವರ ಲೈನ್‌ಮನೆಯಲ್ಲಿ ವಾಸ. ಮಗಳು, ಅಳಿಯ ಇಬ್ಬರೂ ಇದೇ ಕಾಯಿಲೆಯಲ್ಲಿ ಹೋಗಿದ್ದರು. ಉಳಿದದ್ದು ಒಂಬತ್ತು ವರ್ಷದ ಮೊಮ್ಮಗಳು. ಅವಳಿಗೂ ಹುಟ್ಟುವಾಗಲೇ ತಾಯಿಯಿಂದ ಬಂದಿತ್ತು. ಶಕ್ತಿಯ ಮಾತ್ರೆ ಎಂದು ನಂಬಿಕೊಂಡು ತಿನ್ನುತ್ತಿದ್ದಳು.

"ಮಗೀಗೆ ಗೊತ್ತಾಗ್ಬಾರ್ದು ಸಾರ್. ಅದು ಬಾಯಿ ತಪ್ಪಿ ಯಾರ ಹತ್ರನಾದ್ರೂ ಹೇಳಿದ್ರೆ, ಲೈನಲ್ಲಿ ನಮ್ಗೆ ನಲ್ಲಿ ಮುಟ್ಟಕ್ಕೂ ಬಿಡಲ್ಲ" ಎನ್ನುತ್ತಿದ್ದರು ಅಜ್ಜಿ. ನನಗೆ ಅದು ಸರಿಯಾಗಿಯೇ ಕಾಣುತ್ತಿತ್ತು.

ಸಿಸ್ಟರ್ ಒಂದು ದಿನ ನನ್ನ ಕಪಾಟು ತೆರೆದು ಆ ಡಬ್ಬಿಗಳ ಸಾಲು ನೋಡಿದರು.

"ಎಂತಕ್ಕೆ ಮಾರಾಯ ಇದು?"

"ಗುಟ್ಟು ಕಾಯೋಕೆ ಸಿಸ್ಟರ್."

"ಯಾರಿಂದ ಗುಟ್ಟು? ತಿನ್ನೋದು ಆ ಮಗುವೇ ಅಲ್ವಾ?"

ಬೈಯಲಿಲ್ಲ. ಮುಂದಿನ ಸಲ ಅಜ್ಜಿ ಬಂದಾಗ ಹೊರಗಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಒಂದೇ ಸಲಕ್ಕೆ ಏನೂ ಹೇಳುವುದಿಲ್ಲ, ಮೊದಲು ಬರೀ ಚಿತ್ರ, ಕಾಯಿಲೆಯ ಹೆಸರು ಆಮೇಲೆ, ಎಂದು ಒಪ್ಪಿಸಿದರು. ಅಜ್ಜಿ ಒಪ್ಪಿದರೋ, ಸುಸ್ತಾಗಿ ಹೂಂ ಅಂದರೋ…

ಮಲಾವಿಯ ಕಾರ್ಡುಗಳಲ್ಲಿ ಬೇರೆ ಏನೇನೋ ಚಿತ್ರ ಇದ್ದವು. ಸಿಸ್ಟರ್ ನಮ್ಮ ಕಡೆಗೆಂದು ಬೇರೆಯೇ ಬರೆದಿದ್ದರು. ಒಂದು ಗದ್ದೆ, ಸುತ್ತ ಸೋಲಾರ್ ಬೇಲಿ, ಆಚೆ ಕಾಡಿನಂಚಿನಲ್ಲಿ ಒಂದು ಆನೆ. ಆನೆ ಅಲ್ಲೇ ಇರುತ್ತದೆ, ಬೇಲಿಗೆ ದಿನಾ ಕರೆಂಟು ಹರಿಯುತ್ತಿದ್ದರೆ ಒಳಗೆ ಬರುವುದಿಲ್ಲ, ನೀನು ತಿನ್ನುವ ಮಾತ್ರೆಯೇ ಆ ಕರೆಂಟು. ಆನೆ ನುಗ್ಗಿದ ಗದ್ದೆ ನೋಡಿದ್ದ ಹುಡುಗಿಗೆ ಅದು ಕ್ಷಣದಲ್ಲಿ ಅರ್ಥವಾಯಿತು.

"ಆನೆ ವಾಪಸ್ ಹೋಗೋದೇ ಇಲ್ವಾ?" ಕೇಳಿದಳು.

"ಇಲ್ಲ ಕೂಸೇ. ಆದ್ರೆ ಬೇಲಿ ಇದ್ರೆ ಒಳಗೂ ಬರಲ್ಲ."

"ಆ ಆನೆಗೆ ಹೆಸ್ರು ಇದ್ಯಾ?"

ಸಿಸ್ಟರ್ ನನ್ನ ಕಡೆ ತಿರುಗಿದರು. "ಇದೆ. ಮುಂದಿನ ತಿಂಗಳು ಈ ಸಾರ್ ಹೇಳ್ತಾರೆ."

ಅವಳು ಹೋದ ಮೇಲೆ ನಾನು ಸಿಸ್ಟರ್ ಮೇಲೆ ರೇಗಿದೆ. ಅನುಭವ ಇರುವವರು ನೀವು, ನೀವೇ ಹೇಳಿಬಿಡಿ ಅಂದೆ. ಅವರು ಒಪ್ಪಲೇ ಇಲ್ಲ. "ನಾನು ಬಸ್ಸಿಗೆ ಬಂದು ಬಸ್ಸಿಗೆ ಹೋಗೋಳು. ಹೇಳಿದವ್ರು ನಾಳೆ ಇಲ್ದೇ ಹೋದ್ರೆ ಮಗು ಯಾರ ಹತ್ರ ಕೇಳ್ಬೇಕು?" ಅದು ಅವರು ಮಲಾವಿಯಿಂದ ತಂದ ನಿಯಮ. ಹೇಳುವವರು ಅಲ್ಲಿಯೇ ಇರುವವರಾಗಿರಬೇಕು.

ಆಮೇಲೆ ನನಗೆ ಅಭ್ಯಾಸ ಶುರುವಾಯಿತು. ಸಿಸ್ಟರ್ ಮಕ್ಕಳ ಸ್ಟೂಲಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತ ಆ ಹುಡುಗಿಯಾಗುತ್ತಿದ್ದರು. ನಾನು ಹೇಳಬೇಕಾದದ್ದು ಮೂರೇ ವಾಕ್ಯ. ಆ ಆನೆಯ ಹೆಸರು ಎಚ್‌ಐವಿ. ಅದು ನಿನ್ನ ತಪ್ಪಿನಿಂದ ಬಂದದ್ದಲ್ಲ. ಮಾತ್ರೆ ಬಿಡದೆ ತಿಂದರೆ ನೀನು ದೊಡ್ಡವಳಾಗಿ, ಮುದುಕಿಯಾಗಿ, ಅಜ್ಜಿಯೂ ಆಗುತ್ತೀಯ. ಇಷ್ಟೇ. ನಾನು ರಕ್ತದಿಂದ ಶುರುಮಾಡಿ, ಬಿಳಿ ರಕ್ತಕಣಕ್ಕೆ ಹೋಗಿ, ಅಲ್ಲಿಂದ ಕೈ ತೊಳೆಯುವುದರ ಮಹತ್ವಕ್ಕೆ ಇಳಿಯುತ್ತಿದ್ದೆ. "ಸಾರ್, ನಂಗೆ ಲಾಸ್ಟ್ ಬಸ್ ಹೋಯ್ತು" ಎನ್ನುತ್ತಿದ್ದರು ಸಿಸ್ಟರ್, ಹುಡುಗಿಯ ದನಿಯಲ್ಲೇ. ಕೊನೆಗೆ ಒಂದು ಮಧ್ಯಾಹ್ನ ಮೂರನ್ನೂ ತಡವರಿಸದೆ ಹೇಳಿದೆ. ಅವರು ಸ್ಟೂಲಿನಿಂದ ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟರು. ನನಗೆ ಆಗಲೇ ನಲವತ್ತು ದಾಟಿತ್ತು.

ಅದೇ ವಾರ ಯೋಜನೆ ನಿಂತಿತು. ಎರಡು ವರ್ಷ ಎಂದಿದ್ದದ್ದು ಒಂದೂವರೆಗೇ ಮುಗಿಯಿತು. ಎಲ್ಲಿಯೋ ಯಾರೋ ತೀರ್ಮಾನ ಮಾಡಿದ್ದರು, ನಮಗೆ ತಲುಪಿದ್ದು ಎರಡು ಸಾಲಿನ ಇ-ಮೇಲ್. ಸಿಸ್ಟರಿಗೆ ಮಲಾವಿಯಿಂದ ಕರೆ ಬಂತು, ಹೊರಟರು.

ಮುಂದಿನ ತಿಂಗಳು ಹುಡುಗಿ ಬಂದಳು. "ಸಾರ್, ಆನೆ ಹೆಸ್ರು?" ಅಂದಳು. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು. ನಿನ್ನ ಪರೀಕ್ಷೆ ಮುಗಿಯಲಿ ಅಂದೆ. ಪರೀಕ್ಷೆ ಮುಗಿಯಿತು, ಹೊಸ ತರಗತಿ ಶುರುವಾಗಲಿ ಅಂದೆ. ಆಮೇಲೆ ಅಜ್ಜಿಗೆ ಜ್ವರ. ನನ್ನಂಥ ಚಿಂತೆಯವನಿಗೆ ನೆಪಗಳ ಬರ ಎಂದೂ ಇರುವುದಿಲ್ಲ. ಹೇಳಿದರೆ ಅಳುತ್ತಾಳೆ, ಶಾಲೆಯಲ್ಲಿ ಬಾಯಿ ಬಿಡುತ್ತಾಳೆ, ಲೈನಿನಿಂದ ಓಡಿಸುತ್ತಾರೆ, ಎಲ್ಲ ನನ್ನಿಂದಲೇ… ನಾಲ್ಕನೆಯ ತಿಂಗಳು ಅವಳು ಕೇಳಲಿಲ್ಲ. ಆಮೇಲೆ ಯಾವತ್ತೂ ಕೇಳಲಿಲ್ಲ.

ಸಿಸ್ಟರ್ ಮಾತ್ರ ಬಿಡಲಿಲ್ಲ. ತಿಂಗಳಿಗೊಂದು ವಾಟ್ಸಾಪ್ ಸಂದೇಶ. ಹೇಳಿದೆಯಾ? ಮುಂದಿನ ತಿಂಗಳು ಸಿಸ್ಟರ್. ಹೇಳಿದೆಯಾ? ಒಂದು ದಿನ, ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ, ಹೇಳಿದೆ ಸಿಸ್ಟರ್ ಎಂದು ಬರೆದು ಕಳಿಸಿಬಿಟ್ಟೆ. ಅತ್ತಳಾ ಎಂದು ಕೇಳಿದರು. ಸ್ವಲ್ಪ ಅತ್ತಳು ಎಂದು ಬರೆದೆ.

ಅವತ್ತು ಬರಹದ ಬದಲು ಅವರ ದನಿಯೇ ಬಂತು, ಉದ್ದದ ಸಂದೇಶ. ಹಿಂದೆ ಯಾವುದೋ ಮಕ್ಕಳ ಗಲಾಟೆ. ಅವರಿಗೆ ಆದ ಸಂತೋಷವನ್ನು ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತದೆ. ಕೆಲವು ತಿಂಗಳ ಮೇಲೆ ಇನ್ನೊಂದು ಬಂತು. "ನಿನ್ನ ವಿಷಯ ಇಲ್ಲಿ ಕ್ಲಾಸಲ್ಲಿ ಹೇಳ್ತೇನೆ ಮಾರಾಯ. ನಮ್ಮೂರಲ್ಲಿ ಒಬ್ಬ ಇದಾನೆ, ನೆರಳಿಗೂ ಹೆದರೋನು, ಅವ್ನೇ ಹೇಳಿದ ಅಂದ್ರೆ ನಿಮ್ಗೆ ಆಗಲ್ವಾ ಅಂತ." ಯಾವುದೋ ದೇಶದಲ್ಲಿ, ನಾನು ನೋಡದ ನರ್ಸುಗಳು, ನಾನು ಮಾಡದ ಕೆಲಸವನ್ನು ಮೆಚ್ಚಿಕೊಂಡು ತಮ್ಮ ಮಕ್ಕಳಿಗೆ ಸತ್ಯ ಹೇಳುತ್ತಿದ್ದರು.

ಹುಡುಗಿ ಹೈಸ್ಕೂಲಿಗೆ ಶೃಂಗೇರಿಯ ಹಾಸ್ಟೆಲು ಸೇರಿದಳು. ವಿಟಮಿನ್ ಡಬ್ಬಿಯೂ ಜೊತೆಗೆ ಹೋಯಿತು. ಪ್ರತಿಸಲ ಡಬ್ಬಿ ಖಾಲಿಯಾಗಿಯೇ ವಾಪಸು ಬರುತ್ತಿತ್ತು, ನಾನು ತುಂಬಿಸಿ ಕೊಡುತ್ತಿದ್ದೆ. ಒಂಬತ್ತನೆಯ ತರಗತಿಯಿಂದ ಈಚೆಗೆ, ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡುವ ರಕ್ತಪರೀಕ್ಷೆಗೆ ಎರಡು ಸಲ ಕರೆದೆ. "ಪರೀಕ್ಷೆ ಇದೆ ಸಾರ್, ಮುಗೀಲಿ" ಅಂದಳು. ನನ್ನ ಮಾತನ್ನೇ ನನಗೆ ತಿರುಗಿ ಕೊಡುತ್ತಿದ್ದಾಳೆ ಎಂದು ಹೊಳೆಯಲಿಲ್ಲ.

ಹತ್ತನೆಯ ತರಗತಿಯಲ್ಲಿ ಹಾಸಿಗೆ ಹಿಡಿದಳು. ಟಿ.ಬಿ., ಅದೂ ಮಿದುಳಿಗೆ ಏರಿತ್ತು. ದೊಡ್ಡಾಸ್ಪತ್ರೆಗೆ ನೋಡಲು ಹೋದೆ. ಜ್ವರ ಇಳಿದು ಎಚ್ಚರವಿದ್ದ ಹೊತ್ತು. ಅಜ್ಜಿ ಬಿಸಿನೀರು ತರಲು ಫ್ಲಾಸ್ಕು ಹಿಡಿದು ಹೊರಗೆ ಹೋದರು. ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು.

"ನಂಗೆ ಆನೆ ಹೆಸ್ರು ಗೊತ್ತು ಸಾರ್. ನಮ್ಮ ಸ್ಕೂಲಿಗೆ ಬಂದವ್ರು ಪೋಸ್ಟರ್ ತೋರ್ಸಿದ್ರು. ಅದ್ರಲ್ಲಿದ್ದ ಕೆಂಪು ರಿಬ್ಬನ್ನೇ ನಿಮ್ಮ ರೂಮಿನ ಬಾಗ್ಲ ಮೇಲೂ ಇದ್ಯಲ್ಲ."

ಡಬ್ಬಿ ತೊಳೆದು ಒಣಗಿಸಿ ಬದಲಾಯಿಸಿದವನು ನಾನು. ನನ್ನ ಬಾಗಿಲ ಮೇಲೆ ಎಚ್‌ಐವಿಯ ಗುರುತಾದ ಆ ಕೆಂಪು ರಿಬ್ಬನ್ನಿನ ಚಿತ್ರ ಅಂಗೈಯಗಲ ಮೊದಲಿನಿಂದಲೂ ಇತ್ತು.

ಮಾತ್ರೆ ತಿನ್ನುತ್ತಿದ್ದೆಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಒಂದೂವರೆ ವರ್ಷದಿಂದ ಹಾಸ್ಟೆಲಿನ ಬಚ್ಚಲಿಗೆ ಹಾಕುತ್ತಿದ್ದಳಂತೆ.

"ನೀವೇ ಹೇಳಕ್ಕೆ ಹೆದ್ರಿದ್ರಲ್ಲ ಸಾರ್. ಅಷ್ಟು ದೊಡ್ಡ ಕಾಯಿಲೆ ಅಂದ್ಮೇಲೆ ಮಾತ್ರೆಯಿಂದ ಎಂತ ಆಗತ್ತೆ ಅಂದ್ಕೊಂಡೆ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಲೆಕ್ಕ ಎಲ್ಲಿ ತಪ್ಪಿತೆಂದು ಮೇಷ್ಟರಿಗೆ ತೋರಿಸುವ ಹಾಗಿತ್ತು.

ಆಗ ಹೇಳಿದೆ. ಅದರ ಹೆಸರು ಎಚ್‌ಐವಿ ಅಂದೆ. ನಿನ್ನ ತಪ್ಪಿನಿಂದ ಬಂದದ್ದಲ್ಲ ಅಂದೆ. ಮೂರನೆಯ ವಾಕ್ಯಕ್ಕೆ ಬಾಯಿ ತೆರೆದೆ. ಬರಲಿಲ್ಲ. ಅವಳೇ ನನ್ನ ಕೈ ತಟ್ಟಿ, "ಅಜ್ಜಿಗೆ ಹೇಳ್ಬೇಡಿ, ನಂಗೆ ಗೊತ್ತು ಅಂತ. ಅವ್ರಿಗೆ ಬೇಜಾರಾಗತ್ತೆ" ಅಂದಳು. ಅಜ್ಜಿ ಫ್ಲಾಸ್ಕು ಹಿಡಿದು ಒಳಗೆ ಬಂದರು. ನಾವಿಬ್ಬರೂ ಪರೀಕ್ಷೆಯ ಬಗ್ಗೆ ಮಾತಾಡಿದೆವು.

ಆ ತಿಂಗಳು ಕಳೆಯುವ ಮೊದಲೇ ಹೋಗಿಬಿಟ್ಟಳು.

ಸಿಸ್ಟರಿಗೆ ಎಲ್ಲವನ್ನೂ ಬರೆಯಬೇಕೆಂದು ಎಷ್ಟು ಸಲ ಕೂತೆನೋ. ಬರೆಯುವುದು, ಅಳಿಸುವುದು. ಹೀಗೇ ಇರುವಾಗ ಯಾವುದೋ ಕೆಲಸಕ್ಕೆ ಎನ್.ಆರ್. ಪುರಕ್ಕೆ ಹೋದವನು ಅವರ ತಮ್ಮನ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಕ್ಕ ಹೋಗಿ ಎರಡು ತಿಂಗಳಾಯಿತು ಅಂದರು. ಹೃದಯಾಘಾತ, ಅಲ್ಲಿಯೇ ಮಣ್ಣು ಮಾಡಿದರಂತೆ. "ನಿಮ್ಮ ವಿಷಯ ಭಾಳ ಹೇಳ್ತಿದ್ಲು. ಆ ಹುಡುಗಿ ಈಗ ಕಾಲೇಜಾ?" ಎಂದು ಕೇಳಿದರು. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಹೀಗೆ ಇಬ್ಬರಿಗೆ ಹೇಳದ ಮಾತು ನನ್ನಲ್ಲಿ ಉಳಿಯಿತು. ಸಿಸ್ಟರಿಗೆ ಇನ್ನು ಹೇಳುವಂತಿಲ್ಲ. ಅಜ್ಜಿಗೆ ಹೇಳಬೇಕೋ ಬೇಡವೋ ಎಂದು ಕೇಳೋಣವೆಂದರೆ, ಅಂಥದ್ದನ್ನು ನಾನು ಕೇಳುತ್ತಿದ್ದದ್ದು ಸಿಸ್ಟರನ್ನೇ.

ಅಜ್ಜಿ ಈಗಲೂ ತಿಂಗಳಿಗೊಮ್ಮೆ ಬಿ.ಪಿ. ಮಾತ್ರೆಗೆ ಬರುತ್ತಾರೆ. ನನ್ನ ಕೋಣೆಯ ಮುಂದೆ ಒಂದು ನಿಮಿಷ ನಿಂತೇ ಹೋಗುವುದು. ನಿನ್ನೆಯೂ ನಿಂತರು. ಬಸ್ಸು ತಡ ಅಂದರು, ಮಂಡಿ ನೋವು ಅಂದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳಿದರು:

"ಒಂದು ಸಮಾಧಾನ ಸಾರ್. ಅದು ಏನೂ ತಿಳೀದೇ ಹೋಯ್ತು. ನೀವು ಒಳ್ಳೇವ್ರು, ಕೊನೇವರ್ಗೂ ಬಾಯಿ ಬಿಡಲಿಲ್ಲ."

ನಾನು ತಲೆಯಾಡಿಸಿ, ಅವರ ಕೈಯಿಂದ ಜಾರಿ ಬಿದ್ದಿದ್ದ ಮಾತ್ರೆಯ ಚೀಟಿ ಎತ್ತಿ ಕೊಟ್ಟೆ.