ಅಕ್ಕ ತೊಳೆದ ಮಿಗ್

ಖಂಡೇನವಮಿಯ ಬೆಳಿಗ್ಗೆ ನಮ್ಮಕ್ಕ ನನ್ನ ಯುದ್ಧವಿಮಾನಕ್ಕೆ ಸ್ನಾನ ಮಾಡಿಸಿದಳು.

ಹೌದು, ಯುದ್ಧವಿಮಾನವೇ. ಗಾಬರಿಯಾಗಬೇಡಿ. ಮೊಳದುದ್ದವೂ ಇಲ್ಲ, ಪ್ಲಾಸ್ಟಿಕ್ಕಿನದು. ಮಿಗ್-21ರ ತದ್ರೂಪ. ಕಿಟ್ ತರಿಸಿ, ತುಂಡು ತುಂಡು ಅಂಟಿಸಿ, ಸಂದು ಕಾಣದಂತೆ ಉಜ್ಜಿ, ಬಣ್ಣ ಹೊಡೆದು ನಾನೇ ಮಾಡಿದ್ದು. ಸೊಲ್ಲಾಪುರದಲ್ಲಿ ಚಾದರದ ಅಂಗಡಿ ಇಟ್ಟುಕೊಂಡವನಿಗೆ ಈ ಉಸಾಬರಿ ಯಾಕೆ? ಮನೆಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. (ನಮ್ಮ ಮನೆಯವರೆಲ್ಲ ಓದುವುದು ಮರಾಠಿ ಪೇಪರು. ಹಾಗಾಗಿ ಇಲ್ಲಿ ಕನ್ನಡದಲ್ಲಿ ಅವರ ಮೇಲೆ ಧೈರ್ಯವಾಗಿ ಚಾಡಿ ಹೇಳಬಹುದು.)

ವಿಮಾನ ಕಟ್ಟುವುದು ಅರ್ಧ ಕೆಲಸ. ಉಳಿದರ್ಧ ಅದನ್ನು ಹಳೆಯದು ಮಾಡುವುದು. ವೆದರಿಂಗ್ ಅನ್ನುತ್ತಾರೆ. ತೆಳು ಕಪ್ಪು ಬಣ್ಣವನ್ನು ವಿಮಾನದ ಮೈಮೇಲಿನ ಗೆರೆಗಳಲ್ಲಿ ಹರಿಯಬಿಟ್ಟು ಮೇಲಿನದನ್ನು ಒರೆಸಬೇಕು. ಸ್ಪಂಜಿನ ಚೂರಿನಿಂದ ರೆಕ್ಕೆಯ ಅಂಚಿನಲ್ಲಿ ಬಣ್ಣ ಸುಲಿದಂತೆ ಚುಕ್ಕೆ ಇಡಬೇಕು. ಹಿಂದೆ ಬೆಂಕಿ ಉಗುಳುವ ಕೊಳವೆಗೆ ಮಸಿ ಹಿಡಿಸಬೇಕು. ಇಷ್ಟು ಮಾಡದಿದ್ದರೆ ಅದು ಅಂಗಡಿಯ ಆಟಿಕೆ. ಮಾಡಿದರೆ ಎಷ್ಟೋ ಸಲ ಹಾರಿ ಇಳಿದ ವಿಮಾನ.

"ಹೊಸಾದು ತಂದು ಯಾರರ ಹೊಲಸ ಮಾಡ್ತಾರೇನ್ರಿ?" ಅಂದಳು ಹೆಂಡತಿ.

ನಾನು ಮಸಿ ಹಚ್ಚುತ್ತಲೇ ಹೋದೆ. ಅದು ಅಕ್ಕನಿಗಾಗಿ ಮಾಡುತ್ತಿದ್ದದ್ದು.

ಚಿಕ್ಕಂದಿನಲ್ಲಿ ಬೋರಾಮಣಿಯ ಹುಲ್ಲುಗಾವಲಿನಲ್ಲಿ ನಾವಿಬ್ಬರೂ ಎಮ್ಮೆ ಬಿಟ್ಟುಕೊಂಡು ಕೂತಿರುತ್ತಿದ್ದೆವು. ಯಾವಾಗಲೋ ಒಮ್ಮೆ ತಲೆಯ ಮೇಲೆ ವಿಮಾನ ಹಾಯುತ್ತಿತ್ತು. ಮೊದಲು ವಿಮಾನ, ಆಮೇಲೆ ಸದ್ದು. ನಾನು ಕಿವಿ ಮುಚ್ಚಿಕೊಂಡು ನೆಲಕ್ಕೆ ಬೀಳುತ್ತಿದ್ದೆ. ಅಕ್ಕ ಲಂಗ ಎತ್ತಿ ಕಟ್ಟಿ ಅದರ ಹಿಂದೆ ಓಡುತ್ತಿದ್ದಳು. ಅದು ಮಿಗ್ ಎಂದು ಶಾಲೆಯ ಮಾಸ್ತರರು ಹೇಳಿದ್ದರು. (ಅವರಿಗೆ ಗೊತ್ತಿದ್ದ ವಿಮಾನ ಅದೊಂದೇ.)

"ದೊಡ್ಡಾಕಿ ಆದ ಮ್ಯಾಲ ನಾನಽ ಇದನ್ನ ನಡಸ್ತೀನಿ ನೋಡು ತಮ್ಮಾ," ಅನ್ನುತ್ತಿದ್ದಳು ಏದುಸಿರು ಬಿಡುತ್ತಾ.

ಆಗ ಹುಡುಗಿಯರ ಕೈಗೆ ಯುದ್ಧವಿಮಾನ ಕೊಡುತ್ತಿರಲಿಲ್ಲ. ನಮ್ಮ ಮನೆಯಲ್ಲಂತೂ ಸೈಕಲ್ಲನ್ನೂ ಕೊಡುತ್ತಿರಲಿಲ್ಲ. ಹತ್ತನೆಯ ಇಯತ್ತೆ ಮುಗಿದದ್ದೇ ತಡ, ಅಕ್ಕಲಕೋಟೆಯ ದೊಡ್ಡ ಹೊಲಮನೆಗೆ ಕೊಟ್ಟು ಕಳಿಸಿದರು. ಅಲ್ಲಿ ಚೆನ್ನಾಗಿಯೇ ಇದ್ದಾಳೆ. ಬಾವಿಯಲ್ಲಿ ನೀರಿದೆ, ಬಾಗಿಲಲ್ಲಿ ಟ್ರ್ಯಾಕ್ಟರ್ ಇದೆ, ಗಂಡ ಮಾತು ಕೇಳುತ್ತಾನೆ. ಇನ್ನೇನು ಬೇಕು? ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕಳೆದ ವರ್ಷ ಅವಳ ಮನೆಯಲ್ಲಿ ಕೂತಿದ್ದಾಗ ಟಿವಿಯಲ್ಲಿ ಯುದ್ಧವಿಮಾನ ಹಾರಿಸುವ ಹುಡುಗಿಯೊಬ್ಬಳನ್ನು ತೋರಿಸಿದರು. ಪಟಪಟ ಮಾತಾಡುತ್ತಿದ್ದ ಅಕ್ಕ ಟಿವಿಯ ಹತ್ತಿರ ಸರಿದು ಕೂತಳು. ಹುಡುಗಿ ಹೆಲ್ಮೆಟ್ ತೆಗೆದು ನಕ್ಕಾಗ ಅಕ್ಕನೂ ನಕ್ಕಳು.

ಅವತ್ತೇ ನಿಶ್ಚಯ ಮಾಡಿದೆ. ಅಕ್ಕನಿಗೊಂದು ಮಿಗ್ ಕೊಡಬೇಕು. ಹೊಸದಲ್ಲ, ಇಷ್ಟು ವರ್ಷ ಆಕೆಯೇ ಹಾರಿಸಿ, ಆಕೆಯೇ ಇಳಿಸಿದಂಥದ್ದು. ಪೈಲಟ್ ಕೂರುವ ಜಾಗದ ಕೆಳಗೆ ಅವಳ ಹೆಸರು ಬರೆದೆ. ಬೋರಾಮಣಿಗೆ ಹೋಗಿ ಹಿಡಿ ಮಣ್ಣು ತಂದು, ತೆಳು ಬಟ್ಟೆಯಲ್ಲಿ ಸೋಸಿ, ಗಾಲಿಗೂ ಹೊಟ್ಟೆಗೂ ಬ್ರಶ್‌ನಿಂದ ಸವರಿದೆ. ಎಲ್ಲ ಅಂಟಿ ನಿಲ್ಲುವಂತೆ ಮೇಲೆ ವಾರ್ನಿಶ್ ಹೊಡೆದರೆ ಮಣ್ಣಿನ ಬಣ್ಣ ಕೆಡುತ್ತದೆಂದು ಹಾಗೇ ಬಿಟ್ಟೆ.

ಖಂಡೇನವಮಿಯ ಆಯುಧಪೂಜೆಯ ಹಿಂದಿನ ಸಂಜೆ ಅಕ್ಕಲಕೋಟೆಗೆ ಒಯ್ದು ಕೊಟ್ಟೆ. ಅಕ್ಕ ಎರಡೂ ಕೈಯಲ್ಲಿ ಹಿಡಿದು ತನ್ನ ಹೆಸರು ಓದಿಕೊಂಡಳು. ಒಯ್ದು ದೇವರ ಮನೆಯಲ್ಲಿಟ್ಟಳು.

ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ಟ್ರ್ಯಾಕ್ಟರ್, ಕುಡುಗೋಲು, ಕೊಡಲಿ ಎಲ್ಲ ತೊಳೆಸಿಕೊಂಡು ಸಾಲಾಗಿ ಪೂಜೆಗೆ ಕೂತಿವೆ. ಅವುಗಳ ನಡುವೆ ನನ್ನ ಮಿಗ್! ಲಕಲಕ ಹೊಳೆಯುತ್ತಿದೆ. ಮೂಗಿಗೆ ವಿಭೂತಿ, ರೆಕ್ಕೆಗೆ ಚೆಂಡುಹೂವು. ಪಕ್ಕದ ಬಕೆಟ್ಟಿನಲ್ಲಿ ಸಾಬೂನಿನ ನೀರು, ಹಳೆಯ ಟೂತ್‌ಬ್ರಶ್.

"ಅಕ್ಕಾ! ಏನ್ ಮಾಡಿದಿ ಇದಕ?"

"ತೊಳದೀನಿ. ಎಷ್ಟ್ ಮಸಿ, ಎಷ್ಟ್ ಧೂಳ! ಪೂಜಿಗೆ ಹಂತಾದು ಇಡ್ತಾರೇನೋ? ಈಗ ನೋಡು, ಏಕದಮ್ ಮಸ್ತ್ ಆಗ್ಯಾದ."

ನನಗೆ ಸಿಟ್ಟು ನೆತ್ತಿಗೇರಿತು. ತಿಂಗಳುಗಟ್ಟಲೆ ಕಣ್ಣು ಕಿರಿದು ಮಾಡಿಕೊಂಡು ಹಚ್ಚಿದ್ದೆಲ್ಲ ಮೋರಿ ಸೇರಿತ್ತು. ಕೂಗಾಡಿದೆ. ಅದು ಹೊಲಸಲ್ಲ, ಬೋರಾಮಣಿಯ ಮಣ್ಣು ಅಂದೆ. ಅದು ನೀನು ಹಾರಿಸಿ ಇಳಿಸಿದ ಗುರುತು ಅಂದೆ.

ಅಕ್ಕ ಒದ್ದೆ ಕೈ ಕೊಡವಿದಳು. ಆಮೇಲೆ ಬಗ್ಗಿ, ವಿಮಾನದ ಗಾಜಿನ ಮೇಲೆ ಉಳಿದಿದ್ದ ನೀರನ್ನು ಸೆರಗಿನಿಂದ ಒರೆಸಿದಳು.

"ಹಾರಿಸಿದ್ರ ನನಗ ನೆನಪಿರತಿತ್ತಲ್ಲೋ ತಮ್ಮಾ. ಹೊಸಾದೇ ಇರ್ಲಿ ಬಿಡು. ನಾ ಇನ್ನಾ ಅದನ್ನ ಹತ್ತೇ ಇಲ್ಲ."

ಇನ್ನೂ ಹತ್ತದವಳ ವಿಮಾನವನ್ನು ಹಳೆಯದು ಮಾಡಲು ನಾನ್ಯಾರು?