ಕುಮುದಾ ಮಾಡಿದ ಪ್ರಮಾಣ

ಫೋನ್ ಬಂದರೆ ಕುಮುದಾ ಮೊದಲು ದೇವರನ್ನು ನೆನೆಯುತ್ತಾಳೆ, ಆಮೇಲೆ ಬೈಯುತ್ತಾಳೆ, ಆಮೇಲೆ ಎತ್ತುತ್ತಾಳೆ. ಆ ಕಡೆ ಇರುವುದು ಮಿಜುನೋ ಸಾನ್, ಜಪಾನಿನ ಉತ್ತರದ ಕಡಲಂಚಿನ ಬಂದರು ಊರೊಂದರ ನ್ಯಾಯಾಲಯದ ಗುಮಾಸ್ತ. "ಸುಮಿಮಾಸೆನ್", ಕ್ಷಮಿಸಿ, ಎಂದು ಅವರು ಶುರು ಮಾಡಿದರೆಂದರೆ ಯಾರೋ ಕನ್ನಡದವನು ಒಳಗೆ ಕೂತಿದ್ದಾನೆ ಎಂದೇ ಅರ್ಥ.

ಗಂಡ ಜಯಪ್ರಕಾಶನಿಗೆ ನಗೋಯಾದಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ. ಮಗಳ ಶಾಲೆಯ ತಾಯಂದಿರ ಸಭೆಗಳಲ್ಲಿ ಕೂತೂ ಕೂತೂ ಮೈಸೂರಿನ ಈ ಹೆಂಗಸು ಜಪಾನಿ ಕಲಿತಳು. ಹೊತ್ತು ಹೋಗಲಿ ಎಂದು ನ್ಯಾಯಾಲಯದ ದುಭಾಷಿಗಳ ಪಟ್ಟಿಗೆ ಹೆಸರು ಕೊಟ್ಟಳು. ಆ ಸೀಮೆಗೆಲ್ಲ ಕನ್ನಡಕ್ಕೆ ತಾನೊಬ್ಬಳೇ ಎಂದು ಆಮೇಲೆ ಗೊತ್ತಾಯಿತು. ಅಪರೂಪಕ್ಕೊಂದು ಮೊಕದ್ದಮೆ ಬರುವ ಭಾಷೆಗೆ ಇನ್ನೊಬ್ಬರನ್ನು ತಯಾರು ಮಾಡಲು ಸರ್ಕಾರ ದುಡ್ಡು ತೆಗೆದಿಡುತ್ತದೆಯೇ? ಇವಳಿಗೆ ಜ್ವರ ಬಂದರೆ ವಿಚಾರಣೆ ಮುಂದಕ್ಕೆ. ಇವಳು ಮೈಸೂರಿಗೆ ಹೋದರೆ ಒಳಗಿದ್ದವನು ಒಳಗೇ.

"ಬಿಟ್ಟಾಕು ಕಣೇ, ನೀನೇನು ಅಲ್ಲಿ ಪರ್ಮನೆಂಟ್ ಎಂಪ್ಲಾಯಿನಾ?" ಎನ್ನುತ್ತಾನೆ ಜಯಪ್ರಕಾಶ.

"ನಾನ್ ಬಿಟ್ರೆ ಆ ಪ್ರಾಣಿ ಯಾರ ಹತ್ರ ಬಾಯಿ ಬಿಡುತ್ತೆ, ನೀವೇ ಹೇಳಿ."

ಅವನೇ ರೈಲಿನ ಟಿಕೆಟ್ಟು ಬುಕ್ ಮಾಡಿಕೊಡುತ್ತಾನೆ.

ಈ ಸಲ ಸಿಕ್ಕಿಬಿದ್ದವನು ವಿಘ್ನೇಶ, ನಂಜನಗೂಡಿನವನು. ಆ ಬಂದರಿನ ಇಂಡಿಯನ್ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡಿದ್ದ. ಹೋಟೆಲು ಮುಚ್ಚಿತು, ವೀಸಾ ಮುಗಿಯಿತು, ಇವನು ಮಾತ್ರ ಅಲ್ಲೇ ಉಳಿದ. ಅಷ್ಟೇ ತಪ್ಪು. ಒಪ್ಪಿಕೊಂಡು ತಲೆಬಗ್ಗಿಸಿದರೆ ಅದೇ ದಿನ ತೀರ್ಪು, ಶಿಕ್ಷೆ ಅಮಾನತು, ಕೆಲವೇ ದಿನಗಳಲ್ಲಿ ವಿಮಾನ ಹತ್ತಿಸುತ್ತಾರೆ. ಹತ್ತಲೇಬೇಕಿತ್ತು ಅವನು. ಮುಂದಿನ ತಿಂಗಳು ತಂಗಿಯ ಮದುವೆ, ಅಪ್ಪ ಇಲ್ಲ, ಲಾಜಹೋಮದಲ್ಲಿ ಮದುಮಗಳ ಬೊಗಸೆಗೆ ಅರಳು ಹಾಕಲು ಇರುವ ಅಣ್ಣ ಇವನೊಬ್ಬನೇ. ಅವನ ವಕೀಲರು ಮೊದಲೇ ಕಳಿಸಿದ್ದ ಕಾಗದಗಳಲ್ಲಿ ಕುಮುದಾ ಇದನ್ನೆಲ್ಲ ಓದಿದ್ದಳು.

ವಿಚಾರಣೆಯ ದಿನ ಅವಳು ನಿಂತು, ಕೇಳಿದ್ದನ್ನು ಇದ್ದದ್ದು ಇದ್ದಂತೆ ಹೇಳುತ್ತೇನೆಂದು ಪ್ರಮಾಣ ಮಾಡಿದಳು. ಕಾವಲಿನವರು ಸೊಂಟಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿಸಿಕೊಂಡು ವಿಘ್ನೇಶ ಎದುರಿಗೆ ಬಂದ. ಅಯ್ಯೋ, ಕಡ್ಡಿಯಾಗಿದ್ದ!

"ಊಟ ಆಯ್ತೇನಪ್ಪಾ?"

ಬಾಯಿಂದ ಜಾರಿಯೇ ಬಿಟ್ಟಿತು. ನಮ್ಮ ಕಡೆ ಅದನ್ನು ಕೇಳದಿದ್ದರಲ್ಲವೇ ತಪ್ಪು? ಆದರೆ ಅಲ್ಲಿ ದುಭಾಷಿ ಆರೋಪಿಯೊಡನೆ ತನ್ನ ಸ್ವಂತದ್ದೊಂದು ಮಾತೂ ಆಡಕೂಡದು. ತಿಂಗಳುಗಟ್ಟಲೆ ಕನ್ನಡ ಕೇಳಿರದ ಹುಡುಗನ ಕಣ್ಣು ತುಂಬಿಬಂತು.

"ಅಕ್ಕಾ, ನೀವು ಹೆಂಗ್ ಹೇಳ್ಕೊಡ್ತೀರೋ ಹಂಗೇ ಹೇಳ್ತೀನಿ. ನೀವೇ ನಂಗೆ ದಿಕ್ಕು."

ನ್ಯಾಯಾಧೀಶರು ತಲೆಯೆತ್ತಿದರು. "ಈಗ ನೀವಿಬ್ಬರೂ ಏನು ಮಾತಾಡಿಕೊಂಡಿರಿ?"

ಊಟ ಆಯಿತೇ ಎಂದೆ, ಆಯಿತು ಎಂದ. ಇಷ್ಟು ಹೇಳಿದ್ದರೆ ಮುಗಿದಿತ್ತು. ಧ್ವನಿಮುದ್ರಣ ಇತ್ತು, ನಿಜ. ಅದನ್ನು ಕೇಳಿ ಅರ್ಥ ಹೇಳಲು ಮತ್ತೆ ಇವಳನ್ನೇ ಕರೆಯಬೇಕಲ್ಲ! ಬೊಗಸೆಯೊಡ್ಡಿ ನಿಂತ ಹುಡುಗಿಯೊಬ್ಬಳು ಕಣ್ಣಮುಂದೆ ಬಂದಳು. ಈಗ ತಾನೇ ಮಾಡಿದ ಪ್ರಮಾಣವೂ ಗಂಟಲಲ್ಲೇ ಇತ್ತು. ಒಂದು ಸಲ ಸುಳ್ಳು ಹೇಳಿದರೆ ಮುಂದೆ ಈ ಕೋಣೆಯಲ್ಲಿ ಯಾರ ಮಾತಿಗೆ ಬೆಲೆ?

ಇದ್ದದ್ದು ಇದ್ದಂತೆ ಹೇಳಿದಳು. ಜಪಾನಿಯಲ್ಲಿ ಅದು ಘೋರವಾಗಿ ಕೇಳಿಸಿತು: ದುಭಾಷಿ ಹೇಳಿಕೊಟ್ಟಂತೆ ಆರೋಪಿ ಹೇಳುತ್ತಾನಂತೆ! ಸರ್ಕಾರಿ ವಕೀಲರು ದಡಕ್ಕನೆ ಎದ್ದರು. ಬೇರೆ ದುಭಾಷಿ ಸಿಗುವವರೆಗೆ ವಿಚಾರಣೆ ಮುಂದಕ್ಕೆ ಹೋಯಿತು. ಯಾಕೆಂಬುದನ್ನೂ ವಿಘ್ನೇಶನಿಗೆ ಇವಳೇ ಕನ್ನಡದಲ್ಲಿ ಹೇಳಬೇಕಾಯಿತು.

ಪಾಪ, ಮಿಜುನೋ ಸಾನ್ ಸೆಂಡಾಯ್, ಕ್ಯೋಟೋದ ವಿಶ್ವವಿದ್ಯಾಲಯಗಳನ್ನೆಲ್ಲ ಜಾಲಾಡಿದರು. ಪಿಎಚ್‌ಡಿ ಮಾಡುವ ಹುಡುಗರಿಗೆ ಕನ್ನಡ ಬರುತ್ತದೆ, ಕಾನೂನಿನ ಜಪಾನಿ ಬಾರದು; ಕೋರ್ಟು ಎಂದರೆ ಮೈಲಿ ದೂರ. ಇನ್ನೂ ದೂರದಿಂದ ಬೇರೆ ಯಾರನ್ನಾದರೂ ಕರೆಸಿ ಉಳಿಸಿಕೊಳ್ಳಲು ಮೇಲಿನವರ ಒಪ್ಪಿಗೆ ಬೇಕು, ಅದು ಬರಲಿಲ್ಲ. ಮದುವೆಯ ದಿನ ಬಂತು, ಹೋಯಿತು. ಆಮೇಲೊಂದು ದಿನ ಫೋನ್. ಬೇರೆ ಯಾರೂ ಸಿಗಲಿಲ್ಲ, ಎಚ್ಚರಿಕೆ ಕೊಟ್ಟು ನಿಮ್ಮನ್ನೇ ಕರೆಸಬೇಕೆಂದು ತೀರ್ಮಾನವಾಗಿದೆ ಎಂದರು ಮಿಜುನೋ ಸಾನ್.

"ಥೂ, ಇವರ ಮನೆ ಹಾಳಾಗ! ಇದನ್ನ ಅವತ್ತೇ ಮಾಡಕ್ಕೇನಾಗಿತ್ತು?" ಎಂದು ಕುಮುದಾ ಅಡುಗೆಮನೆಯಲ್ಲಿ ಕೂತು ಅತ್ತಳು. ಬೆಳಿಗ್ಗೆ ಎದ್ದು ರೈಲು ಹತ್ತಿದಳು.

ಈ ಸಲ ಅವಳು ವಿಘ್ನೇಶನ ಕಡೆ ನೋಡಲೇ ಇಲ್ಲ. ಅವನು ಎಲ್ಲವನ್ನೂ ಒಪ್ಪಿಕೊಂಡ. ತೀರ್ಪಿಗೆ ಮುಂಚೆ, ಕೊನೆಯದಾಗಿ ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಕೇಳಿದರು. ಅವನು ಮಾತಾಡಿದ. ಆರೋಪಿ 'ನಾನು' ಎಂದರೆ ದುಭಾಷಿಯೂ 'ನಾನು' ಎಂದೇ ಹೇಳಬೇಕು. ಅಲ್ಲಿಯ ಪದ್ಧತಿ ಅದು. ಕುಮುದಾ ಎದ್ದು ನಿಂತು, ಒಂದಕ್ಷರ ಬಿಡದೆ ಜಪಾನಿಯಲ್ಲಿ ಹೇಳಿದಳು:

"ನನ್ನ ತಂಗಿಗೆ ಅರಳು ಹಾಕಿದ್ದು ಪಕ್ಕದ ಮನೆಯವರು. ಈ ಹೆಂಗಸು ಅವತ್ತು ಒಂದು ಸುಳ್ಳು ಹೇಳಿದ್ದರೆ ನಾನೇ ಹಾಕುತ್ತಿದ್ದೆ."